ಯಾದಗಿರಿಗೆ ಜತೆಯಾಗಿ ಬಂದವನು

ಅವನ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿ ಹಾಗೇ ಗಟ್ಟಿಯಾಗಿಬಿಟ್ಟಿತ್ತು. ಚಿಕ್ಕಂದಿನಿಂದ ಕತ್ತರಿಯ ಹಿಡಿಯೊಳಗೆ ತೂರಿಸಿ ತೂರಿಸಿ ಬೆರಳಿಗೆ ಅದೇ ಆಕಾರ ಬಂದಿತ್ತು. ಚಹಾ ಕುಡಿಯುವಾಗಲೂ ಅದು ಕಪ್ಪಿಗೆ ತಾಗದೆ ದೂರ ನಿಂತಿರುತ್ತಿತ್ತು.

ಶಹಾಪುರದ ಬಜಾರಿನಲ್ಲಿ ಅವನದು ಟೇಲರ್ ಅಂಗಡಿ. ನಾನು ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಓಡಿಬರುವವರ ಪೈಕಿ. ದಾರಿಯಲ್ಲೇ ಅವನ ಅಂಗಡಿ. ಮಷೀನು ತುಳಿಯುತ್ತಲೇ ಕೂಗುತ್ತಿದ್ದ: "ಅರೆ ಭಾಯಿ, ಕೀಲಿ ಹಾಕೀದಿ, ನಾ ನೋಡೀನಿ, ಹೋಗು ಹೋಗು!" ಅವನು ಕೂತಲ್ಲಿಂದ ನನ್ನ ಮನೆ ಕಾಣುತ್ತಲೇ ಇರಲಿಲ್ಲ. ಆದರೂ ಆ ಮಾತು ಕೇಳಿದರೆ ಸಾಕು, ನಾನು ನೆಮ್ಮದಿಯಿಂದ ಬಸ್ಸು ಹತ್ತುತ್ತಿದ್ದೆ. ಒಮ್ಮೆ ನನ್ನ ಪ್ಯಾಂಟಿನ ಒಳಗೆ, ಕೇಳದೆಯೇ, ಇನ್ನೊಂದು ಜೇಬು ಹೊಲಿದುಕೊಟ್ಟ. "ಇದು ನಿನ್ನ ಚಿಂತಿ ಇಡಾಕ. ಮನಿಗಿ ಹೋಗಿ ಪ್ಯಾಂಟ್ ಕಳದ್ರ ಅದೂ ಗೂಟಕ್ಕ ನೇತಾಡ್ತದ."

ರಂಜಾನ್ ಬಂತೆಂದರೆ ಅವನು ಬೇರೆಯೇ ಮನುಷ್ಯ. ನಿದ್ದೆ ಬೇಡ, ಊಟದ ನೆನಪಿಲ್ಲ, ಮಾತುಮಾತಿಗೆ ನಗು, ಬಂದವರ ಬಟ್ಟೆಗೆ ಇಲ್ಲವೆನ್ನುವುದಿಲ್ಲ. ಹಬ್ಬ ಮುಗಿದ ಮೇಲೆ ವಾರಗಟ್ಟಲೆ ಅಂಗಡಿಯ ಷಟರ್ ಅರ್ಧ ಇಳಿದಿರುತ್ತಿತ್ತು. "ದಣದಾನ" ಎನ್ನುತ್ತಿದ್ದರು ಜನ. ನಮ್ಮ ಕಡೆ ಯಾವ ಟೇಲರ್ ರಂಜಾನಿನಲ್ಲಿ ನಿದ್ದೆ ಮಾಡುತ್ತಾನೆ? ಯಾವನು ಹಬ್ಬದ ಮೇಲೆ ಮಲಗುವುದಿಲ್ಲ? ಹಾಗಾಗಿ ಅದು ಕಾಯಿಲೆಯೂ ಆಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಜಗತ್ತಿನ ರೋಗಗಳೆಲ್ಲ ನನಗೇ ಇವೆಯೆಂದು ನಂಬಿದ್ದ ನನಗಂತೂ, ಅದರಲ್ಲೊಂದು ಇನ್ನೊಬ್ಬರ ಪಾಲಿಗೆ ಹೋಗಿರಬಹುದೆಂಬ ಯೋಚನೆಯೇ ಬಂದಿರಲಿಲ್ಲ.

ಒಂದು ವರ್ಷ ಹಬ್ಬ ಇನ್ನೂ ಎಲ್ಲೋ ಇರುವಾಗಲೇ ಅವನಿಗೆ ಆ ಹುಮ್ಮಸ್ಸು ಬಂತು. ಕೊಂಕಲ್ಲಿನ ಶಾಲೆಯ ಮಕ್ಕಳಿಗೆಲ್ಲ ಅಂಗಿ ಹೊಲಿಯುತ್ತೇನೆಂದು, ಯಾರೂ ಕೇಳದೆ, ಥಾನುಗಟ್ಟಲೆ ಬಟ್ಟೆ ಕತ್ತರಿಸಿದ. ಸುರಪುರದಲ್ಲಿ ಇನ್ನೊಂದು ಅಂಗಡಿ ಹಿಡಿಯಲು ಹೋಗಿ, ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಭುಜದ ಅಳತೆ ತೆಗೆದನಂತೆ. ನಾವೆಲ್ಲ ನಕ್ಕೆವು. ರಂಜಾನ್ ಬರುವ ಹೊತ್ತಿಗೆ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಹೊಲಿಯಲು ಕೊಟ್ಟವರು ಬಾಗಿಲಲ್ಲಿ ನಿಂತು ಬೈಯುತ್ತಿದ್ದರು. ಅವನ ಹೆಂಡತಿ, ನನಗೆ ಭಾಭಿ, ಒಬ್ಬೊಬ್ಬರ ಬಟ್ಟೆಯನ್ನೂ ಹುಡುಕಿ ಹಾಗೇ ವಾಪಸು ಕೊಡುತ್ತಿದ್ದಳು. ನನ್ನನ್ನು ಅಡುಗೆಮನೆಯ ಹತ್ತಿರ ಕರೆದಳು.

"ಅಣ್ಣಾರ, ಅಂಗಡ್ಯಾಗಿನ ಕತ್ತರಿ ಎಲ್ಲಾ ಜ್ವಾಳದ ಡಬ್ಬ್ಯಾಗ ಮುಚ್ಚಿಟ್ಟೀನ್ರಿ."

ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಒಳಗೆ ಹೋಗಿ ಅವನ ಪಕ್ಕ ಕುಳಿತೆ. ಹೇಗೆ ಕೇಳಬೇಕೆಂದು ತಿಳಿಯದೆ ನೇರವಾಗಿಯೇ ಕೇಳಿದೆ, "ಸಾಯೋ ವಿಚಾರ ಬರಾಕತ್ತಾವೇನು?"

ಗೋಡೆಯ ಕಡೆಯಿಂದ ಮಾತು ಬಂತು. "ಬರ್ತಾವ. ಹೋಗ್ತಾವ. ಮತ್ತ ಬರ್ತಾವ."

"ಡಾಕ್ಟರ್ ಕಡಿ ಹೋಗೂಣು."

"ಹುಚ್ಚನ ಮಗಳು ಅಂದ್ರ ನನ್ನ ಮಗಳನ್ನ ಕೇಳಾಕ ಯಾರು ಬರ್ತಾರ, ಭಾಯಿ?"

ಮರುದಿನ ಹೋಗಿ ಒಂದು ಸುಳ್ಳು ಹೇಳಿದೆ. ನನ್ನ ಚಿಂತೆ ಮಿತಿ ಮೀರಿದೆ, ಯಾದಗಿರಿಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ, ಜತೆಗೆ ಬಾ ಎಂದೆ. ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಒಂಟಿಯಾಗಿ ಹೋಗುವುದಿಲ್ಲ; ಜತೆಗೆ ಕರೆದರೆ ಒಲ್ಲೆ ಎನ್ನುವವರೂ ಇಲ್ಲ. ಅವನು ಎದ್ದು ಕುಳಿತ. ಓಣಿಗೆ ಓಣಿಯೇ ನನ್ನ ಸುಳ್ಳನ್ನು, ನನಗೆ ಅವಮಾನವಾಗುವಷ್ಟು ಬೇಗ, ನಂಬಿತು. "ಮದ್ಲ ಹೋಗ್ಬೇಕಿತ್ತು" ಎಂದಳು ನನ್ನ ಹೆಂಡತಿ.

ಡಾಕ್ಟರಮ್ಮ ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ ನಿದ್ದೆ ಹೇಗೆಂದು ಕೇಳಿದರು. ನಾನು ಬಾಯಿಪಾಠ ಒಪ್ಪಿಸಿದೆ: ಕೆಲವು ತಿಂಗಳು ನಿದ್ದೆಯೇ ಬೇಡ, ಆಮೇಲೆ ಹಾಸಿಗೆಯಿಂದ ಏಳಲಾಗುವುದಿಲ್ಲ, ಕೈಗೆ ಕೆಲಸ ಹತ್ತುವುದಿಲ್ಲ, ಬದುಕಿದ್ದು ಏನು ಮಾಡಲಿ ಎನ್ನಿಸುತ್ತದೆ. ಹಿಂದೆ ನಿಂತಿದ್ದ ಅವನು ತಡೆದ.

"ಸುಳ್ರೀ ಡಾಕ್ಟರ್. ಇಂವ ಬಸ್ಸಿನ್ಯಾಗ ಕುಂತಲ್ಲೇ ಗೊರಕಿ ಹೊಡಿತಾನ. ಅದೆಲ್ಲಾ ನಂದು ಹೇಳಾಕತ್ತಾನ." ಆಮೇಲೆ ನನ್ನ ಭುಜ ತಟ್ಟಿ, "ಏಳು, ನಾ ಕೂಡ್ತೀನಿ" ಎಂದ.

ಡಾಕ್ಟರಮ್ಮ ಕಾಯಿಲೆಗೆ ಅಂದೇ ಹೆಸರಿಡಲಿಲ್ಲ. ನೋಡುತ್ತ ಹೋಗೋಣ, ಗುಳಿಗೆ ಮಾತ್ರ ತಪ್ಪಿಸಬೇಡಿ ಎಂದರು. ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಪೂರ್ತಿ ವಾಸಿಯಾಯಿತೆಂದಲ್ಲ, ಏರುವುದೂ ಬೀಳುವುದೂ ತಗ್ಗಿದವು, ಕತ್ತರಿಗಳು ಅಂಗಡಿಗೆ ಮರಳಿದವು. ಊರಿನವರ ಲೆಕ್ಕದಲ್ಲಿ ಮಾತ್ರ ರೋಗಿ ನಾನೇ. ಕಚೇರಿಯಲ್ಲಿ ತಕರಾರಿನ ಫೈಲುಗಳನ್ನು ನನಗೆ ಕೊಡುವುದನ್ನೇ ಬಿಟ್ಟರು. ಆ ಸುಖವನ್ನೂ ಬೇಡವೆನ್ನಲಿಲ್ಲ.

ಮಗಳನ್ನು ನೋಡಲು ಗುರುಮಠಕಲ್ಲಿನಿಂದ ಗಂಡಿನ ಕಡೆಯವರು ಬಂದ ದಿನ ನಾನೂ ಅವನ ಮನೆಯಲ್ಲಿದ್ದೆ. ಅವರ ಹಿರಿಯರಿಗೆ ನನ್ನ ಸುದ್ದಿ ಯಾರೋ ಮುಟ್ಟಿಸಿದ್ದರು. ನನಗೆ ಕೇಳುವಂತೆಯೇ ಕೇಳಿದರು: "ತಲಿ ಸರಿ ಇಲ್ಲದೋರ್ನ ಇಂಥಾ ಕೆಲಸದಾಗ ಯಾಕ ಕೂಡ್ಸೀರಿ?"

ಚಪ್ಪಲಿ ಹುಡುಕುವ ನೆಪದಲ್ಲಿ ನಾನು ಎದ್ದೆ. ಅವನು ನನ್ನ ಮುಂಗೈ ಹಿಡಿದು ಎಳೆದು ಕೂರಿಸಿದ.

"ಗುಳಿಗಿ ತಿನ್ನಾಂವ ನಾ ಇದ್ದೀನ್ರಿ. ಇಂವ ನನ್ನ ಕರಕೊಂಡು ಹೋಗಿ ಬರ್ತಾನ, ಅಷ್ಟ."

ಭಾಭಿಯ ಕೈಯಲ್ಲಿ ಚಹಾದ ತಟ್ಟೆ ಹಾಗೇ ನಿಂತಿತು. ಬಂದವರು ತಿಳಿಸುತ್ತೇವೆಂದು ಎದ್ದುಹೋದರು.

"ಯಾಕ ಹೇಳ್ದಿ? ನಾ ಹೊರಗ ಹೋಗ್ತಿದ್ನಲ್ಲ. ನನಗೇನಾಗ್ತಿತ್ತು?" ಎಂದೆ.

"ನಿನಗೇನೂ ಆಗ್ತಿರ್ಲಿಲ್ಲ. ನೀ ಎದ್ದು ಹೋಗೋದು ನಾ ಕುಂತು ನೋಡಿದ್ರ, ನನಗ ಆಗ್ತಿತ್ತು."

ಆ ಸಂಬಂಧ ತಿರುಗಿ ಬರಲಿಲ್ಲ. ಭಾಭಿ ಬಹಳ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮುಂದೆ ಸೈದಾಪುರದ ಕಡೆ ಫ್ಯಾಕ್ಟರಿಯಲ್ಲಿ ದುಡಿಯುವ ಹುಡುಗನೊಬ್ಬ ಸಿಕ್ಕ. ತನ್ನ ಗುಳಿಗೆಯ ವಿಷಯ ಮೊದಲೇ ಹೇಳಿಯೇ ಅವನು ಮಗಳ ನಿಕಾ ಮಾಡಿದ.

ಹೋದ ವರ್ಷ ಅವನು ತೀರಿಕೊಂಡ. ನಾನು ಇಷ್ಟು ಕಾಲ ಯಾವುದಕ್ಕೆ ಹೆದರಿದ್ದೆನೋ ಅದರಿಂದಲ್ಲ. ನನ್ನ ಚಿಂತೆಗಳ ಸಾಲಿನಲ್ಲೇ ಇಲ್ಲದಿದ್ದ ಎದೆನೋವಿನಿಂದ.

"ಅವರ ಜೀವ ಉಳಿಸಿದವರು ನೀವ ಅಣ್ಣಾರ" ಎಂದು ಭಾಭಿ ಈಗ ಹೇಳುತ್ತಾಳೆ. ನಾನು ಅವನಿಗೆ ಕೊಟ್ಟದ್ದು ಊರಲ್ಲಿ ಮೊದಲೇ ಅಷ್ಟಕ್ಕಷ್ಟೇ ಆಗಿದ್ದ ನನ್ನ ಹೆಸರನ್ನು. ಅದನ್ನು ನನಗೆ ಮರಳಿಸಲು ಅವನು ಮಗಳ ಸಂಬಂಧವನ್ನೇ ಬಿಟ್ಟುಕೊಟ್ಟ. ಅಷ್ಟು ದೊಡ್ಡದನ್ನು ನನಗಾಗಿ ಬೇರೆ ಯಾರೂ ಮಾಡಿಲ್ಲ. ಮಾಡಿದವನಿಗೆ ಅದು ದೊಡ್ಡದೆಂದು ಕಂಡಿರಲೂ ಇಲ್ಲ.