ಎರಡೂ ಒಟ್ಟಿಗೆ ನಿಂತ ದಿನ

ಹೋಟೆಲಕ್ಕನ ಬಲ ಮಣಿಕಟ್ಟಿನ ಸುತ್ತ ದೋಸೆ ಕಾವಲಿ ಸುಟ್ಟ ಕಪ್ಪು ಗೆರೆಯೊಂದಿತ್ತು, ಬಳೆಯ ಹಾಗೆ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಅವರದು ಉಡುಪಿ ಹೋಟೆಲು. ಎರಡು ಸಾವಿರದ ಮೂರರ ಸುಮಾರಿಗೆ ಪಕ್ಕದ ಓಣಿಯಲ್ಲಿ ಬಾಡಿಗೆಗಿದ್ದ ನಾನು, ಗದಗಿನವಳು, ಅಲ್ಲಿ ಊಟಕ್ಕೆ ಹೋಗುತ್ತಿದ್ದೆ. ಮಲ್ಪೆ ಕಡೆಯ ಆ ಹೆಂಗಸಿಗೆ ಹೆದರಿಕೆಯಾಗದ ವಸ್ತುವೇ ಲೋಕದಲ್ಲಿರಲಿಲ್ಲ! ಲಿಫ್ಟ್ ಹತ್ತುತ್ತಿರಲಿಲ್ಲ. ಜನವರಿ ಬಂತೆಂದರೆ, ಗಾಳಿಪಟದ ಮಾಂಜಾ ದಾರ ಕೊರಳು ಕೊಯ್ದೀತೆಂದು, ನನ್ನ ಸ್ಕೂಟರ್ ಹತ್ತುವ ಮುಂಚೆ ಇಬ್ಬರ ಕತ್ತಿಗೂ ಶಾಲು ಸುತ್ತುತ್ತಿದ್ದರು. ನಾನು ನಕ್ಕರೆ, "ಹೆದರ್ಲಿಕ್ಕೆ ನಾಚಿಕೆ ಎಂತದು ಮಾರಾಯ್ತಿ?" ಅನ್ನುವರು.

ನಮ್ಮನ್ನು ಕೂಡಿಸಿದ್ದು ಹಕ್ಕಿ ಹುಚ್ಚು. ಚಳಿಗಾಲದ ಭಾನುವಾರ, ಹೋಟೆಲಿನ ಊಟದ ಗದ್ದಲ ಮುಗಿದ ಮೇಲೆ ಕಡಲಂಚಿಗೆ ಓಡುತ್ತಿದ್ದೆವು. ಇಳಿತದ ಹೊತ್ತಿಗೆ ಅಲ್ಲಿ ಕಣ್ಣು ಹಾಯುವಷ್ಟು ದೂರ ಕೆಸರು ಬಯಲು. ಅಲ್ಲಿಗೆ ಬರುವ ಮರಳು ಪ್ಲೋವರ್ ಎಂಬ ಪುಟ್ಟ ಹಕ್ಕಿಗಳಲ್ಲಿ ಎರಡು ಜಾತಿ: ಚಿಕ್ಕದು, ದೊಡ್ಡದು. ಎರಡಕ್ಕೂ ಬೂದು ಬೆನ್ನು, ಬಿಳಿ ಹೊಟ್ಟೆ. ದೊಡ್ಡದರ ಕೊಕ್ಕು ತುಸು ಉದ್ದ, ದಪ್ಪ, ಕಾಲೂ ಉದ್ದ. ಒಂಟಿಯಾಗಿ ಕಂಡರೆ ತಲೆ ಕೆಡುತ್ತದೆ, ಅಕ್ಕಪಕ್ಕ ನಿಂತರೆ ತಾನೇ ತಿಳಿಯುತ್ತದೆ. ಹಾಳಾದವು, ಯಾವಾಗಲೂ ಬಯಲ ತುಂಬ ಚದುರಿಕೊಂಡೇ ಇರುತ್ತಿದ್ದವು.

ಒಂದು ದಿನ ಅವುಗಳ ಬೆನ್ನು ಹತ್ತಿ, ನೀರಿಳಿದಿದ್ದ ಹಳ್ಳವೊಂದನ್ನು ದಾಟಿ ದೂರ ಹೋದೆವು. ಮಾತಿನಲ್ಲಿ ಹೊತ್ತು ಮರೆತಿತ್ತು. ಬೈನಾಕ್ಯುಲರ್ ಎತ್ತಿ ನೋಡುತ್ತೇನೆ, ಎರಡೂ ಜಾತಿ ಒಂದೇ ದಿಬ್ಬದ ಮೇಲೆ ಮೈಗೆ ಮೈ ತಾಗಿಸಿ ನಿಂತಿವೆ!

"ಅಕ್ಕಾ, ಸಿಕ್ಕುವು! ಜೋಡಿ ನಿಂತಾವ ನೋಡ್ರಿ!" ಎಂದು ಕುಣಿದೆ.

ಅಕ್ಕ ಹಿಂದೆ ತಿರುಗಿದರು. "ಅವಕ್ಕೆ ನಿಲ್ಲಲಿಕ್ಕೆ ಬೇರೆ ಜಾಗ ಉಳಿದಿಲ್ಲ ಮಾರಾಯ್ತಿ. ಭರತದ ನೀರು ಬಂತು. ಓಡು!"

ಸಮುದ್ರ ಎದುರಿನಿಂದ ಬರುತ್ತದೆಂದು ನಂಬಿದ್ದವಳು ನಾನು. ಅದು ಹಿಂದಿನ ಹಳ್ಳದಲ್ಲಿ ಸದ್ದಿಲ್ಲದೆ ತುಂಬುತ್ತಿತ್ತು. ಹಳ್ಳಕ್ಕಿಳಿದಾಗ ಮೊಣಕಾಲಿಗಿದ್ದ ನೀರು ಅರ್ಧ ದಾಟುವಷ್ಟರಲ್ಲಿ ಎದೆಮಟ್ಟ ಏರಿತು. ಕೆಸರು ಕಾಲು ಬಿಡದು. ಈಜು ಇಬ್ಬರಿಗೂ ಬಾರದು. ಅಕ್ಕನ ಆ ಸುಟ್ಟ ಗೆರೆಯ ಮೇಲೆಯೇ ಕೈ ಬಿಗಿದು ಜೋತುಬಿದ್ದೆ. ಅವರು ಗಡಗಡ ನಡುಗುತ್ತಿದ್ದರು, ಅಳುತ್ತಿದ್ದರು, ದೇವರನ್ನು ಕೂಗುತ್ತಿದ್ದರು. ಎಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದಡ ಸೇರಿ ನೋಡಿದರೆ ನಾವು ನಿಂತಿದ್ದ ಜಾಗವೇ ಇಲ್ಲ. ಸ್ಕೂಟರ್ ಹತ್ತುವ ಮುಂಚೆ ಅಕ್ಕ ಒದ್ದೆ ಶಾಲನ್ನು ಹಿಂಡಿ ಇಬ್ಬರ ಕತ್ತಿಗೂ ಸುತ್ತಿದರು. ಅವತ್ತು ನಾನು ನಗಲಿಲ್ಲ.

ಅಕ್ಕ ತೀರಿಹೋಗಿ ವರ್ಷಗಳಾದವು. ಈಗಲೂ ಯಾವುದಾದರೂ ಕಡಲಂಚಿನಲ್ಲಿ ಆ ಎರಡು ಹಕ್ಕಿ ಜೊತೆಯಾಗಿ ಕಂಡರೆ, ಕೊಕ್ಕು ನೋಡುವ ಮುಂಚೆ ಹಿಂದೆ ತಿರುಗಿ ನೀರು ನೋಡುತ್ತೇನೆ. ಎಳೆದುಕೊಂಡು ಹೋಗುವ ಆ ಕೈ ಈಗಿಲ್ಲ.