ಚೀಲ ನಾನೇ ಮೇಲಿಟ್ಟ ದಿನ

ಇದು ೨೦೧೧ರ ಮಾತು. ಮುಂಬೈ ಹತ್ತಿರದ ಡೊಂಬಿವಲಿಯಿಂದ ಐರೋಲಿಯ ಒಂದು ಕಂಪನಿಗೆ ಅಕೌಂಟ್ಸ್ ಕೆಲಸಕ್ಕೆ ಹೋಗಿಬರುತ್ತಿದ್ದೆ. ಒಂದು ಸಂಜೆ ನಾನು ಕೂತಿದ್ದ ರಿಕ್ಷಾ ಸಿಗ್ನಲ್‌ನಲ್ಲಿ ನಿಂತಿದ್ದಾಗ ಟೆಂಪೋ ಒಂದು ಹಿಂದಿನಿಂದ ಗುದ್ದಿತು. ತಲೆ ಹಿಂದಕ್ಕೆ ಹೋಗಿ ಮರುಕ್ಷಣ ಮುಂದಕ್ಕೆ ಎಸೆದಂತಾಯಿತು. ಒಂದು ಹನಿ ರಕ್ತ ಬರಲಿಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ.

ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ಮೂಳೆ ಸರಿಯಿದ್ದ ಮೇಲೆ ನೋವೆಲ್ಲಿಯದು ಎಂದು ಮನೆಯಲ್ಲಿ ಎಲ್ಲರೂ ಕೇಳುವವರೇ. ತಿಂಗಳುಗಳು ಕಳೆದರೂ ಭುಜದ ಮೇಲೆ ವೇಲ್ ಬಿದ್ದರೆ ಸಾಕು, ಉರಿಯುತ್ತಿತ್ತು. ಅಷ್ಟು ಕಷ್ಟವಾದರೆ ಕೆಲಸ ಬಿಡು ಎಂದರು ನಮ್ಮವರು. ಮಕ್ಕಳು ದೊಡ್ಡವರಾದ ಮೇಲೆ ಹಟ ಹಿಡಿದು ಸೇರಿದ್ದ ಕೆಲಸ ಅದು. ಬಿಡುವ ಮಾತೇ ಇರಲಿಲ್ಲ. ಆದರೆ ಲೋಕಲ್ ರೈಲಿನ ಆ ಗರ್ದಿ ನೂಕಾಟದಲ್ಲಿ ಹೋಗುವುದು ಹೇಗೆ?

ದಾರಿ ಮಾಡಿಕೊಟ್ಟವರು ರೈಲಿನ ಗೆಳತಿ ಮಹಾದೇವಕ್ಕ. ವಿಜಯಪುರದ ಕಡೆಯವರು, ಐರೋಲಿಯಲ್ಲೇ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಲೇಡೀಸ್ ಡಬ್ಬಿಯಲ್ಲಿ ನನ್ನನ್ನು ಮೂಲೆಗೆ ನಿಲ್ಲಿಸಿ, ನೂಕುವವರನ್ನು ಮರಾಠಿಯಲ್ಲಿ ಗದರಿಸುತ್ತಿದ್ದರು. ನನ್ನ ಚೀಲವನ್ನು ಮೇಲಿನ ರ್‍ಯಾಕ್‌ಗೆ ಇಡುವವರೂ ಇಳಿಸುವವರೂ ಅವರೇ. ಒಂದು ವರ್ಷ ನನ್ನ ಕೈ ಭುಜದಿಂದ ಮೇಲೆ ಹೋಗಲೇ ಇಲ್ಲ.

ಕೊನೆಗೆ ಥಾಣೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮಹಾದೇವಕ್ಕನೂ ಜೊತೆಗೆ ಬಂದರು. ಫಿಸಿಯೋಥೆರಪಿಸ್ಟ್ ಭುಜಕ್ಕೆ ಬೆರಳು ತಾಗಿಸಿದ್ದೇ ತಡ, ಹಾರಿಬಿದ್ದೆ. ಪೆಟ್ಟು ಮಾಗಿದೆ, ನರಗಳು ಮಾತ್ರ ಇನ್ನೂ ಸಣ್ಣದಕ್ಕೂ ಬೊಬ್ಬೆ ಹೊಡೆಯುತ್ತಿವೆ, ನೋವಾದಾಗಲೆಲ್ಲ ಒಳಗೆ ಏನೋ ಕೆಟ್ಟಿತು ಅಂದುಕೊಳ್ಳಬೇಡಿ ಎಂದು ಆಕೆ ತಿಳಿಸಿ ಹೇಳಿದರು. ವ್ಯಾಯಾಮ ಕಲಿಸಿದರು. ಕೆಲವು ವಾರಗಳಾದ ಮೇಲೆ, ಇನ್ನು ಹಗುರವಾದ ಚೀಲ ಎತ್ತಬಹುದು ಎಂದು ಅಕ್ಕನ ಎದುರೇ ಹೇಳಿದರು. ನನಗೆ ಧೈರ್ಯ ಬರಲಿಲ್ಲ.

ಮರುದಿನ ರೈಲಿನಲ್ಲಿ ಎಂದಿನಂತೆ ಚೀಲ ಕೊಡಹೋದರೆ ಅಕ್ಕ ಕೈಕಟ್ಟಿ ನಿಂತರು.

"ಇವತ್ತ ನಾ ಇಡಂಗಿಲ್ಲ. ನೀನ ಇಡು."

ಪಕ್ಕದವಳು ಚೀಲ ತೆಗೆದುಕೊಳ್ಳಲು ಬಂದರೆ ಅವಳನ್ನೂ ತಡೆದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀವೊಬ್ರಾದ್ರೂ ನನ್ನ ನೋವು ನಂಬಿದ್ರಿ ಅಂದ್ಕೊಂಡಿದ್ದೆ" ಎಂದೆ.

"ನಂಬೀನಿ. ಆದ್ರೂ ಇಡು."

ಸಿಟ್ಟಿನ ಭರದಲ್ಲೇ ಎತ್ತಿದೆ. ಕುತ್ತಿಗೆಯಿಂದ ಮೊಣಕೈವರೆಗೆ ಚಳುಕು ಹೊಡೆದು ಕಣ್ಣಲ್ಲಿ ನೀರು ಬಂತು. ಆದರೂ ಚೀಲ ರ್‍ಯಾಕ್ ಮೇಲೆ ಕೂತಿತು. ಥಾಣೆಯಲ್ಲಿ ಗಾಡಿ ಬದಲಿಸಬೇಕಿತ್ತು, ಚೀಲ ಇಳಿಸಿಕೊಂಡವಳೂ ನಾನೇ. ಪ್ಲಾಟ್‌ಫಾರ್ಮ್ ಮೇಲೆ ಅಕ್ಕ ನನ್ನ ಕೈ ಹಿಡಿದರು.

"ಬರೋ ತಿಂಗಳಿಂದ ನಂದು ರಾತ್ರಿ ಪಾಳಿ ತಂಗಿ. ನೀ ಒಬ್ಬಾಕೀನ ಬರಬೇಕಲ್ಲ, ಅದಕ್ಕ."

ಅಂದು ರಾತ್ರಿ ಕುತ್ತಿಗೆ ನೋಯಿತು, ಆದರೆ ಬೆಳಿಗ್ಗೆ ನೋವು ಎಂದಿನಷ್ಟೇ ಇತ್ತು, ಹೆಚ್ಚಿರಲಿಲ್ಲ. ಆಮೇಲೆ ದಿನವೂ ನಾನೇ ಎತ್ತಿದೆ. ನೋವು ಹಗುರಾಗಲು ಇನ್ನೂ ಎರಡು ವರ್ಷ ಹಿಡಿಯಿತು. ಈಗಲೂ ಚಳಿಗೆ ಕುತ್ತಿಗೆ ಬಿಗಿಯುತ್ತದೆ, ಬಿಸಿನೀರಿನ ಶಾಖ ಕೊಟ್ಟು ಕೆಲಸಕ್ಕೆ ಹೊರಡುತ್ತೇನೆ. ಆದರೆ ಗುಣವಾದದ್ದು ಯಾವಾಗ ಎಂದು ಕೇಳಿದರೆ, ಅಕ್ಕ ಇಲ್ಲದ ಆ ಮೊದಲ ಬೆಳಿಗ್ಗೆ ಎನ್ನುತ್ತೇನೆ. ತುಂಬಿದ ಡಬ್ಬಿಯಲ್ಲಿ ಕೈಯೆತ್ತಿ ಚೀಲ ಮೇಲಿಟ್ಟೆ. ಯಾರೂ ನನ್ನತ್ತ ತಿರುಗಿಯೂ ನೋಡಲಿಲ್ಲ, ಎಲ್ಲರಲ್ಲಿ ನಾನೂ ಒಬ್ಬಳಾಗಿದ್ದೆ. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.