ಕುದುರೆ ತುಳಿಯದ ನಿಂಬೆಹಣ್ಣು

ತಳಿ ಎಂಬ ಊರಿನ ಹತ್ತಿರದ ಕುದುರೆ ಸವಾರಿ ಶಾಲೆಯಲ್ಲಿ ಅಂದು ನನ್ನ ಮಗಳಿಗೆ ಮೊದಲ ಸ್ಪರ್ಧೆ. ಅಡ್ಡಕೋಲುಗಳನ್ನು ಬೀಳಿಸದೆ ಕುದುರೆಯನ್ನು ಹಾರಿಸಬೇಕು. ಅದಕ್ಕೂ ಮುಂಚೆ ಮೈ ಬಿಸಿಯಾಗಲೆಂದು ಅವಳು ತನ್ನ ಗಿಡ್ಡ ಕುದುರೆಯನ್ನು ನಡೆಸಿ, ಓಡಿಸಿ, ತಗ್ಗಿನ ಕೋಲುಗಳ ಮೇಲೆ ಹಾರಿಸುತ್ತಿದ್ದಳು. ಬೆಳಗಿನ ಚಳಿಗೆ ಅದರ ಮೂಗಿನಿಂದ ಹಬೆ ಏಳುತ್ತಿತ್ತು.

ಅಷ್ಟರಲ್ಲಿ ನಮ್ಮತ್ತೆ ಚೀಲದಿಂದ ನಿಂಬೆಹಣ್ಣು ತೆಗೆದು ಕುದುರೆ ಬರುವ ದಾರಿಯಲ್ಲಿ ಇಟ್ಟರು. ಹೊಸ ಗಾಡಿಯ ಚಕ್ರಕ್ಕೆ ಇಡುತ್ತಾರಲ್ಲ, ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಅತ್ತೆ, ಇದೇನು ಸ್ಕೂಟರಾ?"

"ಸುಮ್ಕಿರಮ್ಮ. ತುಳ್ಕೊಂಡು ಹೋಗ್ಲಿ, ದಿಷ್ಟಿ ಹೋಗ್ತದೆ."

ಕುದುರೆ ತುಳಿಯಲಿಲ್ಲ. ಕಿವಿ ನಿಮಿರಿಸಿಕೊಂಡು ಬಂದು, ಆ ಪುಟ್ಟ ಹಣ್ಣಿನ ಮೇಲೆ ನಾಲ್ಕು ಕಾಲೂ ಎತ್ತಿ ಹಾರಿತು. ಅತ್ತೆ ಹಣ್ಣನ್ನು ಇನ್ನೊಂದು ಕಡೆ ಇಟ್ಟರು. ಅಲ್ಲೂ ಹಾರಿತು. ಇನ್ನು ಅಪಶಕುನವೆಂದು ರಾಗ ಎಳೆಯುತ್ತಾರೆ ಎಂದುಕೊಂಡೆ.

"ಇಷ್ಟು ಸಣ್ಣ ಹಣ್ಣಿಗೇ ಕಾಲು ತಾಕಿಸ್ದೆ ಇರೋದು, ಆ ಕೋಲು ಬೀಳಿಸ್ತದಾ?" ಎಂದು ಅತ್ತೆ ನೆಮ್ಮದಿಯಾಗಿ ಕುರ್ಚಿಯಲ್ಲಿ ಕೂತರು.

ಮಗಳ ಸರದಿ ಬರುವ ಹೊತ್ತಿಗೆ ಅದೇ ಹಣ್ಣನ್ನು ತೊಳೆದು, ಉಗುರಿನಿಂದ ಸೀಳಿ, ನನ್ನ ನೀರಿನ ಬಾಟಲಿಗೆ ಹಿಂಡಿ ಕೊಟ್ಟರು.

"ಕುಡಿಯಮ್ಮ, ನಿನ್ನ ಉರಿ ಇಳೀಲಿ."